ಸಬ್‌ಸ್ಟೇಷನ್ ನೆಟ್‌ವರ್ಕ್‌ಗೆ ಎರಡನೇ ದಾರಿ: ರಿಂಗಾ, ಪಿಆರ್‌ಪಿಯಾ, ಎಚ್‌ಎಸ್‌ಆರಾ?

ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದಾಗ ಇಬ್ಬರು ಗೆಳೆಯರು ಒಂದೇ ಪ್ರಶ್ನೆ ಕೇಳಿದರು. ಒಬ್ಬರು ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ವಿಭಾಗ ನೋಡಿಕೊಳ್ಳುತ್ತಾರೆ. ಕಾರ್ಖಾನೆಗೆ ಸ್ವಂತ 66/11 ಕೆವಿ ಸ್ಟೇಷನ್ ಇದೆ. ಇನ್ನೊಬ್ಬ ಪಾವಗಡದ ಕಡೆ ಸೋಲಾರ್ ಸೈಟ್ ಇಂಜಿನಿಯರ್, ವಯಸ್ಸಿನಲ್ಲಿ ಚಿಕ್ಕವನು. "ಸಾರ್, ರಿಂಗ್ ಸಾಕಾ, ಪಿಆರ್‌ಪಿ ಬೇಕಾ, ಎಚ್‌ಎಸ್‌ಆರ್ ಒಳ್ಳೇದಾ? ಯಾವುದಾದ್ರೂ ಒಂದು ಹೇಳಿಬಿಡಿ, ಟೆಂಡರ್‌ಗೆ ಹಾಕ್ಬೇಕು" ಅಂದ.

ಸಬ್‌ಸ್ಟೇಷನ್ ಒಳಗಿನ ಸಾಧನಗಳು ಮಾತಾಡಿಕೊಳ್ಳುವ ನೆಟ್‌ವರ್ಕ್‌ನಲ್ಲಿ ಒಂದು ದಾರಿ ಕಡಿದರೆ ಇನ್ನೊಂದು ಇರಬೇಕಲ್ಲ, ಅದಕ್ಕಿರುವ ಮೂರು ವಿಧಾನ ಇವು. ಒಂದು ಹೇಳಿಬಿಡಲು ಆಗಲಿಲ್ಲ. ಎರಡನೇ ಇಡ್ಲಿ ಬಂತು, ಚಟ್ನಿ ಖಾಲಿಯಾಯಿತು, ಮಾತು ಮುಗಿಯಲಿಲ್ಲ. ಅವತ್ತು ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಬರೆದಿದ್ದೇನೆ. ದೋಷ ಕಂಡು ಬ್ರೇಕರ್ ತೆರೆಸಿ ಕರೆಂಟ್ ಕಡಿಸುವ ರಿಲೇಗಳ ಪ್ಯಾನೆಲ್ ಮುಂದೆ ಸ್ಟೂಲ್ ಹಾಕಿಕೊಂಡು ಕೂತು ವರ್ಷಗಳು ಕಳೆದಿವೆ, ಹಾಗಾಗಿ ಪುಸ್ತಕದ ಲೆಕ್ಕದ ಜೊತೆ ಕೈ ಸುಟ್ಟುಕೊಂಡ ಲೆಕ್ಕವೂ ಇದರಲ್ಲಿದೆ.

ಎಲ್ಲರೂ ಮೊದಲು ಮಿಲಿಸೆಕೆಂಡ್ ಕೇಳುತ್ತಾರೆ. ದಾರಿ ಕಡಿದರೆ ಎಷ್ಟು ಹೊತ್ತಿಗೆ ಇನ್ನೊಂದು ದಾರಿ ಹಿಡಿಯುತ್ತದೆ ಅಂತ. ಕೇಳಬೇಕಾದದ್ದೇ. ಆದರೆ ನಾನು ಅದಕ್ಕೂ ಮೊದಲು ಕೇಳುವ ಪ್ರಶ್ನೆ ಒಂದಿದೆ. ಒಂದು ದಾರಿ ಕಡಿದಿದೆ ಅಂತ ನಿಮ್ಮ ಸ್ಟೇಷನ್‌ನಲ್ಲಿ ಯಾರಿಗೆ, ಯಾವಾಗ ಗೊತ್ತಾಗುತ್ತದೆ? ಇದಕ್ಕೆ ನಿಮ್ಮ ಉತ್ತರ ಏನೋ, ಅದರ ಮೇಲೆ ಆಯ್ಕೆ ಬದಲಾಗುತ್ತದೆ.

ಎಷ್ಟು ಹೊತ್ತು ತಡೆದುಕೊಳ್ಳಬಹುದು?

ಹಿಂದೆ ಯಾರ್ಡ್‌ನಿಂದ ಕಂಟ್ರೋಲ್ ರೂಮಿಗೆ ಒಂದೊಂದು ಸುದ್ದಿಗೂ ಒಂದೊಂದು ತಾಮ್ರದ ತಂತಿ ಇರುತ್ತಿತ್ತು. ಬ್ರೇಕರ್ ತೆರೆದಿದೆ ಅನ್ನೋದಕ್ಕೆ ಒಂದು, ಗ್ಯಾಸ್ ಕಡಿಮೆಯಾಗಿದೆ ಅನ್ನೋದಕ್ಕೆ ಇನ್ನೊಂದು. ಇಲಿ ಒಂದು ತಂತಿ ಕಡಿದರೆ ಒಂದು ಸುದ್ದಿ ಮಾತ್ರ ಹೋಗುತ್ತಿತ್ತು. ಸಬ್‌ಸ್ಟೇಷನ್ ಸಂಪರ್ಕದ ಮಾನದಂಡ ಐಇಸಿ 61850 ಬಂದ ಮೇಲೆ ಆ ಕಟ್ಟುಗಟ್ಟಲೆ ತಂತಿಯ ಕೆಲಸವನ್ನು ಕೂದಲೆಳೆಯಂಥ ಎರಡು ಫೈಬರ್ ಮಾಡುತ್ತವೆ. ಈಗ ಇಲಿ ಕಡಿದರೆ ಇಡೀ ಬೇ (ಒಂದು ಲೈನ್ ಅಥವಾ ಟ್ರಾನ್ಸ್‌ಫಾರ್ಮರ್‌ನ ಬ್ರೇಕರ್ ಸಮೇತದ ಭಾಗ) ಕುರುಡು. ಎರಡನೇ ದಾರಿಯ ಮಾತು ಶುರುವಾಗುವುದೇ ಇಲ್ಲಿಂದ.

ನೆಟ್‌ವರ್ಕ್ ಮೇಲೆ ಓಡಾಡುವ ಸಂದೇಶಗಳಲ್ಲಿ ಮೂರು ಜಾತಿ. ಆಪರೇಟರ್ ಸ್ಟೇಷನ್ ನೋಡಿಕೊಳ್ಳುವ ಸ್ಕಾಡಾ ಪರದೆಗೆ ಹೋಗುವ ಎಂಎಂಎಸ್ ನಿಧಾನದ್ದು, ಅರ್ಧ ಸೆಕೆಂಡ್ ತಡವಾದರೂ ಯಾರೂ ಸಾಯುವುದಿಲ್ಲ. ಒಂದು ರಿಲೇ ಇನ್ನೊಂದಕ್ಕೆ ನೇರವಾಗಿ ಕೂಗಿ ಹೇಳುವ ಗೂಸ್ ಅವಸರದ್ದು, ಬ್ರೇಕರ್ ತೆರೆ ಅನ್ನುವ ಟ್ರಿಪ್ ಸಂದೇಶವಾದರೆ 3 ಮಿಲಿಸೆಕೆಂಡ್ ಒಳಗೆ ತಲುಪಬೇಕು. ಮೂರನೆಯದು ಸ್ಯಾಂಪಲ್ಡ್ ವ್ಯಾಲ್ಯೂಸ್. ಇದರಲ್ಲಿ ಕರೆಂಟ್ ಮತ್ತು ವೋಲ್ಟೇಜ್ ಅಳತೆಯೇ ಅಂಕಿಯಾಗಿ ಹರಿಯುತ್ತದೆ, ಸೆಕೆಂಡಿಗೆ 4,000 ಸಲ.

ಸಂಪರ್ಕ ಕಡಿದರೆ ಎಷ್ಟರೊಳಗೆ ಮತ್ತೆ ಕೂಡಿಕೊಳ್ಳಬೇಕು ಅಂತ ಐಇಸಿ ಮಾನದಂಡದಲ್ಲಿ ಲೆಕ್ಕ ಕೊಟ್ಟಿದ್ದಾರೆ. ಸ್ಕಾಡಾಕ್ಕೆ 400 ಮಿಲಿಸೆಕೆಂಡ್. ತಪ್ಪು ಸ್ವಿಚಿಂಗ್ ತಡೆಯುವ ಇಂಟರ್‌ಲಾಕ್‌ಗೆ ಮತ್ತು ಸಾಮಾನ್ಯ ಟ್ರಿಪ್‌ಗೆ 4 ಮಿಲಿಸೆಕೆಂಡ್. ಎಲ್ಲ ಲೈನ್‌ಗಳೂ ಬಂದು ಸೇರುವ ಬಸ್‌ಬಾರ್‌ನ ರಕ್ಷಣೆಗೂ ಸ್ಯಾಂಪಲ್ಡ್ ವ್ಯಾಲ್ಯೂಸ್‌ಗೂ ಸೊನ್ನೆ, ಅಂದರೆ ಒಂದು ಚೂರೂ ಕಡಿಯಕೂಡದು. ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಮಾರಾಟಗಾರರ ಅರ್ಧ ಮಾತು ಕೇಳಬೇಕಾಗಿಲ್ಲ.

ಕೊನೆಗೆ ಕಾಯುತ್ತಿರುವುದು ಬ್ರೇಕರ್ ಅಲ್ವಾ? ನಮ್ಮ ದೇಶದ ಗ್ರಿಡ್ ನಿಯಮದ ಪ್ರಕಾರ 400 ಕೆವಿಯಲ್ಲಿ ದೋಷವನ್ನು 100 ಮಿಲಿಸೆಕೆಂಡ್ ಒಳಗೆ ಬೇರ್ಪಡಿಸಬೇಕು, 220 ಕೆವಿಯಲ್ಲಿ 160 ಮಿಲಿಸೆಕೆಂಡ್ ಒಳಗೆ. ಅದರಲ್ಲಿ ಬ್ರೇಕರ್ ತೆರೆದುಕೊಳ್ಳುವುದಕ್ಕೇ ಎರಡು ಮೂರು ಸೈಕಲ್ (ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್) ಬೇಕು. ಉಳಿದ ಚಿಲ್ಲರೆ ಹೊತ್ತಿನಲ್ಲಿ ರಿಲೇಯೂ ನೆಟ್‌ವರ್ಕೂ ಕೆಲಸ ಮುಗಿಸಬೇಕು.

ರಿಂಗ್: ಹಳೆಯದು, ಹಾಗಂತ ಕೆಟ್ಟದ್ದಲ್ಲ

ಸ್ವಿಚ್‌ಗಳನ್ನು ಮಾಲೆಯಂತೆ ಪೋಣಿಸಿ ತುದಿ ಸೇರಿಸಿದರೆ ರಿಂಗ್. ಸುಮ್ನೆ ಸೇರಿಸಿ ಬಿಟ್ಟರೆ ಸಂದೇಶಗಳು ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ, ಅದಕ್ಕೆ ಒಂದು ಕೊಂಡಿಯನ್ನು ಬೇಕಂತಲೇ ಮುಚ್ಚಿಟ್ಟಿರುತ್ತಾರೆ. ಬೇರೆಲ್ಲಾದರೂ ಕಡಿದರೆ ಮುಚ್ಚಿದ ಕೊಂಡಿ ತೆರೆಯುತ್ತದೆ. ಈ ಕೆಲಸವನ್ನು ಆರ್‌ಎಸ್‌ಟಿಪಿ ಅನ್ನುವ ಪ್ರೋಟೋಕಾಲ್ ಮಾಡುತ್ತದೆ, ಇಲ್ಲವೇ ಎಂಆರ್‌ಪಿ ಅನ್ನುವುದು ಮಾಡುತ್ತದೆ.

ತುಮಕೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸು ದಾಬಸ್‌ಪೇಟೆ ಹತ್ತಿರ ರಸ್ತೆ ಬಂದ್ ಅಂತ ಗೊತ್ತಾಗಿ, ತಿರುಗಿಸಿಕೊಂಡು ಇನ್ನೊಂದು ದಾರಿ ಹಿಡಿದ ಹಾಗೆ ಇದು. ತಲುಪುತ್ತದೆ, ಆದರೆ ತಿರುಗಿಸುವ ಹೊತ್ತು ಹೋಗುತ್ತದೆ. ಆರ್‌ಎಸ್‌ಟಿಪಿಯಲ್ಲಿ ಒಳ್ಳೆಯ ಸ್ವಿಚ್‌ಗಳಾದರೆ ಒಂದೊಂದು ಹಾಪ್‌ಗೆ (ಒಂದು ಸ್ವಿಚ್‌ನಿಂದ ಮುಂದಿನದಕ್ಕೆ) ಸುಮಾರು 5 ಮಿಲಿಸೆಕೆಂಡ್ ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಹತ್ತು ಸ್ವಿಚ್ ರಿಂಗ್ ಆದರೆ 50. ಆದರೆ ರೂಟ್ ಆಗಿ, ಅಂದರೆ ಯಜಮಾನನಾಗಿ ಕೂತ ಸ್ವಿಚ್ಚೇ ಸತ್ತರೆ ಈ ಲೆಕ್ಕ ತಪ್ಪುತ್ತದೆ, ಕೆಲವೊಮ್ಮೆ ಸೆಕೆಂಡುಗಳೇ ಹೋಗುತ್ತವೆ. ಎಂಆರ್‌ಪಿಯಲ್ಲಿ ಗರಿಷ್ಠ ಎಷ್ಟು ಅಂತ ಮೊದಲೇ ಗೊತ್ತಿರುತ್ತದೆ. 50 ಸ್ವಿಚ್‌ವರೆಗೆ 200 ಮಿಲಿಸೆಕೆಂಡ್ ಅನ್ನುವ ಹಂತವನ್ನೇ ಜಾಸ್ತಿ ಬಳಸುತ್ತಾರೆ, ಅದಕ್ಕಿಂತ ಚುರುಕಾದ ಹಂತಗಳೂ ಇವೆ.

ಎರಡರಲ್ಲಿ ಯಾವುದೇ ಆಗಲಿ, ಸಾಮಾನ್ಯವಾಗಿ ಸ್ಕಾಡಾಕ್ಕೆ ಸಾಕು. 4 ಮಿಲಿಸೆಕೆಂಡ್ ಬೇಕಾದ ಕೆಲಸಕ್ಕೆ ಸಾಲದು. ಗೂಸ್ ಸಂದೇಶವನ್ನು ರಿಲೇ ಒಂದೇ ಸಲ ಕಳಿಸಿ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ಕೂಗುತ್ತದೆ. ಹಾಗಾಗಿ ರಿಂಗ್ ಮೇಲೂ ಗೂಸ್ "ನಡೆಯುತ್ತದೆ" ಅಂತ ವಾದಿಸುವವರಿದ್ದಾರೆ. ನಡೆಯುತ್ತದೆ, ನಿಜ. ದೋಷವೂ ಫೈಬರ್ ಕಡಿತವೂ ಒಂದೇ ಕ್ಷಣದಲ್ಲಿ ಬಾರದೇ ಇದ್ದರೆ. ಟ್ರಾನ್ಸ್‌ಫಾರ್ಮರ್ ಹೊತ್ತಿಕೊಂಡಾಗ ಪಕ್ಕದ ಕೇಬಲ್ ಸುಡುವುದು ಅಪರೂಪವೇನಲ್ಲ.

ರಿಂಗ್‌ನ ಒಳ್ಳೆಯ ಗುಣ ಇನ್ನೊಂದಿದೆ, ಇದನ್ನು ಯಾರೂ ಹೇಳುವುದಿಲ್ಲ. ಕಡಿದಾಗ ಅದು ಒಂದು ಸಣ್ಣ ಗಲಾಟೆ ಮಾಡುತ್ತದೆ. ಪರದೆ ಒಂದು ಕ್ಷಣ ಮಿಟುಕುತ್ತದೆ, ಅಲಾರಂ ಬರುತ್ತದೆ, ಆಪರೇಟರ್ ತಲೆ ಎತ್ತುತ್ತಾನೆ.

ಅಂದಹಾಗೆ, ಹಲವು ರಿಲೇಗಳ ಹಿಂದೆ ಎರಡು ಫೈಬರ್ ಪೋರ್ಟ್ ಇರುತ್ತವೆ. ಎರಡು ಇವೆ ಅಂದ ಮಾತ್ರಕ್ಕೆ ಅದು ಪಿಆರ್‌ಪಿ ಅಲ್ಲ. ಒಂದು ಸತ್ತರೆ ಇನ್ನೊಂದಕ್ಕೆ ಹಾರುವ ಸಾಮಾನ್ಯ ಸ್ಟ್ಯಾಂಡ್‌ಬೈ ಇರಬಹುದು. ಆರ್ಡರ್ ಕೋಡ್ ನೋಡದೆ ನಂಬಬೇಡಿ. ಇದೊಂದಕ್ಕಾಗಿ ಬಂದ ರಿಲೇ ಕಾರ್ಡ್‌ಗಳನ್ನೆಲ್ಲ ವಾಪಸ್ ಕಳಿಸಿ ತರಿಸಿದ್ದನ್ನು ನೋಡಿದ್ದೇನೆ.

ಪಿಆರ್‌ಪಿ: ಒಂದೇ ಪತ್ರ, ಎರಡು ಗಾಡಿ

ಮದುವೆ ಕರೆಯೋಲೆಯ ಒಂದು ಪ್ರತಿಯನ್ನು ಬಸ್ಸಿನಲ್ಲಿ, ಅದೇ ಓಲೆಯ ಇನ್ನೊಂದು ಪ್ರತಿಯನ್ನು ರೈಲಿನಲ್ಲಿ ಕಳಿಸಿದ್ದೀರಿ ಅಂದುಕೊಳ್ಳಿ. ಯಾವುದು ಮೊದಲು ತಲುಪಿತೋ ಅದನ್ನು ಓದುತ್ತಾರೆ, ಎರಡನೆಯದು ಬಂದಾಗ "ಇದು ಬಂದಿದೆ" ಅಂತ ಬದಿಗಿಡುತ್ತಾರೆ. ಬಸ್ಸು ಕೆಟ್ಟು ನಿಂತರೂ ಓಲೆ ತಡವಾಗಲಿಲ್ಲ. ಪಿಆರ್‌ಪಿ ಇಷ್ಟೇ. ಪ್ರತಿ ರಿಲೇ ಎರಡು ಪೂರ್ತಿ ಬೇರೆ ನೆಟ್‌ವರ್ಕ್‌ಗಳಿಗೆ, ಲ್ಯಾನ್ ಎ ಮತ್ತು ಲ್ಯಾನ್ ಬಿಗೆ, ಕೂಡಿಕೊಂಡಿರುತ್ತದೆ. ಕಳಿಸುವ ಪ್ರತಿ ಫ್ರೇಮ್‌ನ (ಸಂದೇಶದ ಪೊಟ್ಟಣದ) ಬಾಲಕ್ಕೆ 6 ಬೈಟ್‌ನ ಒಂದು ಚೀಟಿ ಅಂಟಿಸಿ ಎರಡೂ ಕಡೆ ಬಿಡುತ್ತದೆ. ಆ ಚೀಟಿಯಲ್ಲಿ ಕ್ರಮಸಂಖ್ಯೆ ಇರುವುದರಿಂದ ಆ ಕಡೆಯವನು ಜೋಡಿಯನ್ನು ಗುರುತಿಸಿ ಒಂದನ್ನು ಬಿಸಾಡುತ್ತಾನೆ. ಚೇತರಿಕೆಯ ಹೊತ್ತು ಸೊನ್ನೆ. ಐಇಸಿ 62439ರ ಮೂರನೇ ಭಾಗದಲ್ಲಿ ಪಿಆರ್‌ಪಿ, ಎಚ್‌ಎಸ್‌ಆರ್ ಎರಡೂ ಇವೆ.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಸೊನ್ನೆ ಅಲ್ಲ. ಲ್ಯಾನ್ ಬಿಯನ್ನು ಪೂರ್ತಿ ಆಫ್ ಮಾಡಿ, ಸ್ವಿಚ್ ಬದಲಿಸಿ, ಫರ್ಮ್‌ವೇರ್ ಹಾಕಿ, ಟೀ ಕುಡಿದು ಬಂದು ಮತ್ತೆ ಆನ್ ಮಾಡಬಹುದು. ಸ್ಟೇಷನ್ ಓಡುತ್ತಲೇ ಇರುತ್ತದೆ. ಲೈನ್ ಕ್ಲಿಯರ್ (ಕರೆಂಟ್ ತೆಗೆದು ಕೆಲಸ ಮಾಡಲು ಅನುಮತಿ) ಸಿಗುವುದೇ ಕಷ್ಟವಾದ ಸ್ಟೇಷನ್‌ನಲ್ಲಿ ಇದಕ್ಕಿಂತ ದೊಡ್ಡ ಸುಖ ಇಲ್ಲ. ಮಾಮೂಲಿ ಲ್ಯಾಪ್‌ಟಾಪನ್ನೋ ಪ್ರಿಂಟರನ್ನೋ ಒಂದೇ ಲ್ಯಾನ್‌ಗೆ ಹಾಗೇ ಚುಚ್ಚಬಹುದು, ವಿಶೇಷ ಪೆಟ್ಟಿಗೆ ಬೇಡ. ಎರಡೂ ಕಡೆ ಸಿಗಲೇಬೇಕಾದ ಒಂಟಿ ಪೋರ್ಟಿನ ಸಾಧನಕ್ಕೆ ಮಾತ್ರ ಅದನ್ನು ಎರಡೂ ದಾರಿಗೆ ಕೂಡಿಸುವ ರೆಡ್‌ಬಾಕ್ಸ್ ಅನ್ನುವ ಪೆಟ್ಟಿಗೆ ಬೇಕು.

ಖರ್ಚು ಜಾಸ್ತಿ. ನಾಲ್ಕು ಸ್ವಿಚ್ ಸಾಕಾದ ಕಡೆ ಎಂಟು, ಫೈಬರ್ ಎರಡು ಪಟ್ಟು, ಸ್ಪೇರ್ ಕೂಡ ಹಾಗೇ. ತಪ್ಪುಗಳಿಗೂ ಎರಡು ಪಟ್ಟು ಜಾಗ. ಎರಡು ತಪ್ಪು ಎಲ್ಲ ಕಡೆ ಕಾಣುತ್ತವೆ. ಒಂದು, ಎ ಮತ್ತು ಬಿ ನಡುವೆ ಯಾರೋ ಪ್ಯಾಚ್ ಕಾರ್ಡ್ ಹಾಕಿಬಿಡುವುದು. ಎರಡೂ ಪೋರ್ಟ್‌ಗೆ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನದ ಗುರುತು) ಇರುವುದರಿಂದ ಸ್ವಿಚ್‌ಗಳಿಗೆ ತಲೆ ಕೆಟ್ಟುಹೋಗುತ್ತದೆ. ನಾನು ಎ ಗೆ ಕೇಸರಿ, ಬಿ ಗೆ ನೀಲಿ ಪ್ಯಾಚ್ ಕಾರ್ಡ್ ಅಂತ ಟೆಂಡರ್‌ನಲ್ಲೇ ಬರೆಸುತ್ತೇನೆ. ಎರಡನೆಯದು ಆಫೀಸಿನ ಅಗ್ಗದ ಸ್ವಿಚ್. ಬಾಲದ 6 ಬೈಟ್ ಸೇರಿ ಫ್ರೇಮ್ ಉದ್ದವಾದರೆ ಅದು ಬಿಸಾಡುತ್ತದೆ. ಸಣ್ಣ ಫ್ರೇಮ್‌ಗಳು ಸಲೀಸಾಗಿ ಹೋಗುವುದರಿಂದ ಎಲ್ಲ ಸರಿ ಅನಿಸುತ್ತದೆ. ದೋಷದ ಹೊತ್ತಿನ ಕರೆಂಟ್, ವೋಲ್ಟೇಜ್ ದಾಖಲೆಯಾದ ಡಿಸ್ಟರ್ಬೆನ್ಸ್ ರೆಕಾರ್ಡ್ ಥರದ ದೊಡ್ಡ ಫೈಲ್ ಎಳೆಯಲು ಹೋದಾಗ ಮಾತ್ರ ನಿಂತುಹೋಗುತ್ತದೆ. ಇದನ್ನು ಹುಡುಕಲು ನನಗೆ ಒಮ್ಮೆ ಎರಡು ದಿನ ಹಿಡಿದಿತ್ತು.

ಈಗ ಮೊದಲು ಹೇಳಿದ ಪ್ರಶ್ನೆಗೆ ಬರೋಣ.

ಒಂದು 220 ಕೆವಿ ಸ್ಟೇಷನ್. ಹೆಸರು ಬೇಡ. ಪಿಆರ್‌ಪಿ ಹಾಕಿ ಓಡಿಸಿ ಸುಮಾರು ಒಂದು ವರ್ಷ ಆಗಿತ್ತು. ಲ್ಯಾನ್ ಎ ಸ್ವಿಚ್‌ಗೆ ಫರ್ಮ್‌ವೇರ್ ಹಾಕಲು ಹೋಗಿದ್ದೆ. "ಏನೂ ಆಗಲ್ಲ, ಬಿ ಇದೆ" ಅಂತ ಶಿಫ್ಟ್ ಆಪರೇಟರ್‌ಗೆ ಧೈರ್ಯ ಹೇಳಿ ರೀಸ್ಟಾರ್ಟ್ ಒತ್ತಿದೆ. ಪರದೆಯ ಮೇಲೆ ಬೇಗಳು ಒಂದೊಂದಾಗಿ ಬಣ್ಣ ಕಳೆದುಕೊಂಡವು. "ಸಾರ್, ಎಲ್ಲಾ ಬೂದಿ ಬಣ್ಣ ಆಗೋಯ್ತು ಸಾರ್!" ಅಂದರು ಆಪರೇಟರ್. ಸ್ವಿಚ್ ಎದ್ದು ಬರುವವರೆಗಿನ ಆ ನಾಲ್ಕು ನಿಮಿಷ ನನ್ನ ಬಾಯಲ್ಲಿ ಮಾತಿಲ್ಲ. ಟ್ರಿಪ್ ಸರ್ಕ್ಯೂಟ್‌ಗಳಿಗೆ ತಾಮ್ರದ ತಂತಿಯೇ ಇದ್ದುದರಿಂದ ರಕ್ಷಣೆಗೆ ತೊಂದರೆ ಆಗಲಿಲ್ಲ, ಪುಣ್ಯ.

ಆಮೇಲೆ ರಿಲೇಯ ಈವೆಂಟ್ ಪಟ್ಟಿ ತೆಗೆದು ನೋಡಿದೆವು. ಲ್ಯಾನ್ ಬಿಯ ಮುಖ್ಯ ಸ್ವಿಚ್‌ನ ಪವರ್ ಸಪ್ಲೈ ಹೋಗಿ ಏಳು ತಿಂಗಳಾಗಿತ್ತು. ಪ್ರತಿ ರಿಲೇಯೂ "ಬಿ ಪೋರ್ಟ್ ಸತ್ತಿದೆ" ಅಂತ ತನ್ನ ಡೈರಿಯಲ್ಲಿ ಬರೆದಿಟ್ಟಿತ್ತು. ಆ ಸುದ್ದಿಯನ್ನು ಸ್ಕಾಡಾ ಅಲಾರಂ ಪಟ್ಟಿಗೆ ಸೇರಿಸಿರಲಿಲ್ಲ. ಕಮಿಷನಿಂಗ್ ತಂಡದಲ್ಲಿ ನಾನೂ ಇದ್ದೆ, ಬೇರೆಯವರ ಕಡೆ ಬೆರಳು ತೋರಿಸುವ ಹಾಗಿಲ್ಲ.

ಪಿಆರ್‌ಪಿಯ ಒಳ್ಳೆಯ ಗುಣವೇ ಅದರ ಅಪಾಯ. ಒಂದು ದಾರಿ ಸತ್ತರೂ ಯಾರಿಗೂ ಏನೂ ಗೊತ್ತಾಗುವುದಿಲ್ಲ, ಅಷ್ಟು ಸಲೀಸಾಗಿ ಓಡುತ್ತದೆ. ಹಾಗಾಗಿ ಪಿಆರ್‌ಪಿ ಆರಿಸುವವರು ಪ್ರತಿ ರಿಲೇಯ ಎರಡೂ ಪೋರ್ಟಿನ ಸ್ಥಿತಿ, ಪ್ರತಿ ಸ್ವಿಚ್‌ನ ಎರಡೂ ಪವರ್ ಸಪ್ಲೈ ಸ್ಥಿತಿ ಅಲಾರಂ ಆಗಿ ಪರದೆಗೆ ಬರಬೇಕು ಅಂತ ಬರೆದು ಹಾಕಲೇಬೇಕು. ಅದನ್ನು ನೋಡುವ ಮನುಷ್ಯ ಇಲ್ಲದ ಸ್ಟೇಷನ್ ಆದರೆ, ದೂರದ ಕಂಟ್ರೋಲ್ ಸೆಂಟರ್‌ಗಾದರೂ ಹೋಗಬೇಕು. ಇಷ್ಟು ಮಾಡಲಾಗದಿದ್ದರೆ ರಿಂಗೇ ವಾಸಿ ಅಂತ ನಾನು ಹೇಳುತ್ತೇನೆ. ಅದು ಕಡಿದರೆ ಕೂಗಿಕೊಳ್ಳುತ್ತದೆ.

ಎಚ್‌ಎಸ್‌ಆರ್: ಪಂಕ್ತಿಯಲ್ಲಿ ಎರಡೂ ಕಡೆ ದಾಟಿಸುವುದು

ಇದರಲ್ಲಿ ಪ್ರತ್ಯೇಕ ಸ್ವಿಚ್ ಇಲ್ಲ. ರಿಲೇಗಳೇ ಕೈ ಕೈ ಹಿಡಿದು ದುಂಡಗೆ ಕೂರುತ್ತವೆ. ಒಬ್ಬ ಮಜ್ಜಿಗೆ ಚೊಂಬನ್ನು ಎಡಕ್ಕೊಂದು ಬಲಕ್ಕೊಂದು ಬಿಟ್ಟರೆ, ಎಲ್ಲರೂ ತಮ್ಮ ಪಾಲು ತೆಗೆದುಕೊಂಡು ಮುಂದಕ್ಕೆ ದಾಟಿಸುತ್ತಾರೆ. ಮಧ್ಯೆ ಒಬ್ಬ ಎದ್ದು ಹೋದರೂ ಇನ್ನೊಂದು ಕಡೆಯಿಂದ ಮಜ್ಜಿಗೆ ಬಂದೇ ಬರುತ್ತದೆ. ಇಲ್ಲೂ ಚೇತರಿಕೆಯ ಹೊತ್ತು ಸೊನ್ನೆ. ಸ್ವಿಚ್ ಖರ್ಚು ಉಳಿಯಿತು, ಪ್ಯಾನೆಲ್‌ನಲ್ಲಿ ಜಾಗ ಉಳಿಯಿತು.

ಆದರೆ ಇಬ್ಬರು ಎದ್ದರೆ ಪಂಕ್ತಿ ಎರಡು ತುಂಡು. ಎರಡು ಬೇಗಳಿಗೆ ಒಟ್ಟಿಗೆ ಲೈನ್ ಕ್ಲಿಯರ್ ಕೊಟ್ಟು ಎರಡೂ ರಿಲೇಗಳ ಡಿಸಿ (ಬ್ಯಾಟರಿಯ ಕರೆಂಟ್) ತೆಗೆದರೆ, ನಡುವೆ ಕೂತ ರಿಲೇಗಳು ದ್ವೀಪವಾಗುತ್ತವೆ. ಒಂದು ರಿಲೇ ಟೆಸ್ಟ್ ಮಾಡುವ ಹೊತ್ತಿನಲ್ಲೂ ರಿಂಗ್ ತೆರೆದೇ ಇರುತ್ತದೆ, ಆಗ ಎರಡನೇ ದಾರಿ ಇಲ್ಲ ಅಂತಲೇ ಲೆಕ್ಕ. ರಿಂಗ್‌ನಲ್ಲಿ ಕೂರುವ ಪ್ರತಿ ಸಾಧನಕ್ಕೂ ಎಚ್‌ಎಸ್‌ಆರ್ ಭಾಷೆ ಬರಬೇಕು. ಹಳೆಯ ರಿಲೇ, ಮಾಮೂಲಿ ಕಂಪ್ಯೂಟರ್ ನೇರವಾಗಿ ಸೇರುವ ಹಾಗಿಲ್ಲ, ರೆಡ್‌ಬಾಕ್ಸ್ ಬೇಕು.

ದಟ್ಟಣೆಯೂ ನೋಡಬೇಕು. ಪ್ರತಿ ಫ್ರೇಮ್ ಪ್ರತಿ ಮನೆಯ ಮುಂದೆಯೂ ಹಾದು ಹೋಗುತ್ತದೆ. ಸ್ಯಾಂಪಲ್ಡ್ ವ್ಯಾಲ್ಯೂಸ್ ಕಳಿಸುವ ಒಂದು ಮರ್ಜಿಂಗ್ ಯೂನಿಟ್ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸುರಿಯುತ್ತದೆ. ಹತ್ತು ಯೂನಿಟ್ ಆದರೆ 100 ಮೆಗಾಬಿಟ್ ರಿಂಗ್‌ನ ಅರ್ಧ ಅಲ್ಲೇ ಹೋಯಿತು. ಗಿಗಾಬಿಟ್ ಆದರೆ ನಿರಾಳ, ಆದರೆ ಆ ವೇಗ ಎಲ್ಲ ರಿಲೇಗಳಲ್ಲೂ ಸಿಗುವುದಿಲ್ಲ.

ಒಂದೇ ಸಾಲಿನ 11 ಕೆವಿ ಪ್ಯಾನೆಲ್‌ಗೆ, ಎಂಟು ಹತ್ತು ರಿಲೇಗಳಿಗೆ, ಎಚ್‌ಎಸ್‌ಆರ್ ಹೇಳಿ ಮಾಡಿಸಿದ ಹಾಗಿದೆ. ಇಡೀ ಸ್ಟೇಷನ್ನನ್ನು ಒಂದೇ ದೊಡ್ಡ ಎಚ್‌ಎಸ್‌ಆರ್ ರಿಂಗ್ ಮಾಡುವುದು ನನ್ನ ಮಟ್ಟಿಗೆ ಬೇಡದ ಸಾಹಸ. ಬೇ ಮಟ್ಟದಲ್ಲಿ ಸಣ್ಣ ಸಣ್ಣ ಎಚ್‌ಎಸ್‌ಆರ್ ರಿಂಗ್ ಮಾಡಿ, ಎರಡು ರೆಡ್‌ಬಾಕ್ಸ್ ಮೂಲಕ ಮೇಲಿನ ಪಿಆರ್‌ಪಿಗೆ ಕೂಡಿಸುವುದುಂಟು, ಅದು ಚೆನ್ನಾಗಿ ನಡೆಯುತ್ತದೆ.

ಎರಡು ದಾರಿಗೂ ಒಂದೇ ಗುಂಡಿ

ಬಸ್ಸು, ರೈಲು ಅಂದೆ. ಎರಡನ್ನೂ ಒಂದೇ ಸೇತುವೆ ಮೇಲೆ ಬಿಟ್ಟರೆ ಏನು ಪ್ರಯೋಜನ?

ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ದಾರಿ 99.9% ಹೊತ್ತು ಸರಿ ಇರುತ್ತದೆ ಅಂದುಕೊಳ್ಳಿ. ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಕೈ ಕೊಡುತ್ತದೆ ಅಂತಾಯಿತು. ಇಂಥ ಎರಡು ದಾರಿ, ಒಂದಕ್ಕೊಂದು ಸಂಬಂಧವೇ ಇಲ್ಲದ್ದು, ಇದ್ದರೆ ಎರಡೂ ಒಟ್ಟಿಗೆ ಸತ್ತಿರುವ ಹೊತ್ತು ವರ್ಷಕ್ಕೆ ಸುಮಾರು 32 ಸೆಕೆಂಡ್. ಈಗ ಎರಡಕ್ಕೂ ಒಂದೇ ಡಿಸಿ ಎಂಸಿಬಿ, ಒಂದೇ ಕೇಬಲ್ ಟ್ರೆಂಚ್ ಕೊಡಿ. ಆ ಹಂಚಿಕೊಂಡ ಭಾಗ 99.99% ಚೆನ್ನಾಗಿದ್ದರೂ ವರ್ಷಕ್ಕೆ 53 ನಿಮಿಷ ಹೋಯಿತು. ಪಿಆರ್‌ಪಿಗೆ ಸುರಿದ ದುಡ್ಡನ್ನೆಲ್ಲ ಒಂದು ಎಂಸಿಬಿ ನುಂಗಿತು.

ಹಾಗಾಗಿ ಡ್ರಾಯಿಂಗ್ ಕೈಗೆ ಬಂದಾಗ ನಾನು ಪ್ರೋಟೋಕಾಲ್ ಪುಟ ಬಿಟ್ಟು ಡಿಸಿ ಪುಟ ತೆಗೆಯುತ್ತೇನೆ. ಲ್ಯಾನ್ ಎ ಸ್ವಿಚ್‌ಗಳು ಒಂದು ಬ್ಯಾಟರಿ ಸೆಟ್‌ನಿಂದ, ಬಿ ಸ್ವಿಚ್‌ಗಳು ಇನ್ನೊಂದರಿಂದ ಉಣ್ಣಬೇಕು. ಒಂದೇ ಬ್ಯಾಟರಿ ಇರುವ 66 ಕೆವಿ ಸ್ಟೇಷನ್ ಆದರೆ ಕೊನೆಗೆ ಎಂಸಿಬಿಯಾದರೂ ಬೇರೆ ಇರಲಿ. ಎ ಮತ್ತು ಬಿ ಸ್ವಿಚ್ ಬೇರೆ ಪ್ಯಾನೆಲ್‌ನಲ್ಲಿರಲಿ. ಫೈಬರ್ ಒಂದು ಟ್ರೆಂಚ್‌ನ ಎಡಗೋಡೆಗೆ, ಇನ್ನೊಂದು ಬಲಗೋಡೆಗೆ ಅಂತ ಕೆಲವರು ತೋರಿಸುತ್ತಾರೆ. ಹೆಗ್ಗಣಕ್ಕೆ ಎಡ ಬಲ ಗೊತ್ತಿಲ್ಲ. ಜೆಸಿಬಿಗಂತೂ ಇಲ್ಲವೇ ಇಲ್ಲ.

ಯಾರ್ಡ್‌ನಿಂದ ಕಂಟ್ರೋಲ್ ರೂಮಿಗೆ ತಾಮ್ರದ ಈಥರ್ನೆಟ್ ಎಳೆಯಲೇಬೇಡಿ. ಗ್ರೌಂಡ್ ದೋಷ ಬಂದಾಗ ಎರಡು ಜಾಗದ ಭೂಮಿಯ ವೋಲ್ಟೇಜ್ ಬೇರೆ ಬೇರೆ ಆಗುತ್ತದೆ, ಆ ತಂತಿಯಲ್ಲಿ ಹರಿದು ಬಂದು ಪೋರ್ಟ್ ಸುಡುತ್ತದೆ. ಫೈಬರ್ ಹಾಕಿ, ಇಲಿ ಕಡಿಯದ ಕವಚ ಇರುವುದನ್ನೇ ಕೇಳಿ.

ಬಿಸಿಲಿನ ಮಾತನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಾವಗಡದ ಬೇಸಿಗೆಯಲ್ಲಿ ತಗಡಿನ ಕಿಯೋಸ್ಕ್ ಒಳಗೆ ಕೈ ಇಟ್ಟು ನೋಡಿ. ಐಇಸಿ 61850ರ ಮೂರನೇ ಭಾಗಕ್ಕೆ ತಕ್ಕಂತೆ ಪರೀಕ್ಷೆಯಾದ, ಫ್ಯಾನ್ ಇಲ್ಲದ ಸ್ವಿಚ್ ಬಿಟ್ಟು ಬೇರೆ ಹಾಕಿದರೆ ಎರಡು ಬೇಸಿಗೆ ತಡೆಯುವುದು ಕಷ್ಟ. ಎ, ಬಿ ಎರಡೂ ಒಂದೇ ಏಸಿ ನಂಬಿಕೊಂಡು ಕೂತಿದ್ದರೆ, ಏಸಿಯೂ ನಿಮ್ಮ ನೆಟ್‌ವರ್ಕ್‌ನ ಭಾಗವೇ.

ಬೇಲಿಯ ಆಚೆ

ಸ್ಟೇಷನ್ ಒಳಗಿನದು ಆಯಿತು. ಹೊರಗೆ ಇನ್ನೊಂದು ಸ್ಟೇಷನ್‌ಗೆ, ಕಂಟ್ರೋಲ್ ಸೆಂಟರ್‌ಗೆ ಹೋಗುವ ದಾರಿಯ ಕಥೆಯೇ ಬೇರೆ.

ದೂರದಿಂದ ಕರೆಂಟ್ ತರುವುದು ನಮ್ಮ ಕಡೆಗೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಿದ್ದರು. ಇವತ್ತು ಅದೇ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ ±500 ಕೆವಿ ಎಚ್‌ವಿಡಿಸಿ (ಭಾರಿ ವೋಲ್ಟೇಜಿನ ಡಿಸಿ ಲೈನ್) ಬರುತ್ತದೆ. 2003ರಲ್ಲಿ 2,000 ಮೆಗಾವ್ಯಾಟ್‌ಗೆ ಶುರುವಾಗಿ ಆಮೇಲೆ 2,500ಕ್ಕೆ ಏರಿತು. ಇಂಥ ಲೈನಿನ ಒಂದು ಪೋಲ್ (ಪ್ಲಸ್, ಮೈನಸ್ ಧ್ರುವಗಳಲ್ಲಿ ಒಂದು) ನಿಂತುಹೋದರೆ ದಕ್ಷಿಣದಲ್ಲಿ ಲೋಡ್ ಇಳಿಸಲು ಕೂಡಲೇ ಸಂದೇಶ ಹೋಗಬೇಕು. ಅಲ್ಲಿ ಸಂಪರ್ಕ ಅನ್ನುವುದು ಕಂಡಕ್ಟರ್‌ನಷ್ಟೇ ಮುಖ್ಯ.

ನಮ್ಮ ಸಣ್ಣ ಸ್ಟೇಷನ್‌ಗಳಿಗೆ ಇರುವ ದಾರಿಗಳು ಇಷ್ಟು. ಟವರ್ ತುದಿಯ ಭೂತಂತಿಯೊಳಗೇ ಫೈಬರ್ ಇರುವ ಒಪಿಜಿಡಬ್ಲ್ಯೂ ಮೊದಲನೆಯದು. ಜೆಸಿಬಿ ಕೈಗೆ ಸಿಗುವುದಿಲ್ಲ, ಇದ್ದರೆ ಇದೇ ಮೊದಲ ಆಯ್ಕೆ. ಲೈನಿನ ಮೇಲೇ ಸಂದೇಶ ಓಡಿಸುವ ಪಿಎಲ್‌ಸಿಸಿ ಹಳೆಯದು, ನಿಧಾನದ್ದು, ಆದರೆ ಟ್ರಿಪ್ ಸಂದೇಶಕ್ಕೆ ಇವತ್ತಿಗೂ ನಂಬಿಗಸ್ತ. ವಿ-ಸ್ಯಾಟ್‌ನಲ್ಲಿ ಸಂದೇಶ 36,000 ಕಿಲೋಮೀಟರ್ ಮೇಲೆ ಹೋಗಿ ಬರಬೇಕು, ಪ್ರಶ್ನೆ ಕೇಳಿ ಉತ್ತರ ಪಡೆಯುವ ಹೊತ್ತಿಗೆ ಅರ್ಧ ಸೆಕೆಂಡ್ ದಾಟುತ್ತದೆ. ಸ್ಕಾಡಾಕ್ಕೆ ಸರಿ, ರಕ್ಷಣೆಗೆ ಮುಟ್ಟಬೇಡಿ. 4ಜಿ ಮೋಡೆಮ್ ಅಗ್ಗ. ಆದರೆ ಕರೆಂಟ್ ಹೋದರೆ ಮೊಬೈಲ್ ಟವರ್‌ನ ಬ್ಯಾಟರಿಯೂ ಎಷ್ಟು ಹೊತ್ತು ಬಂದೀತು? ಮೂರನೇ ದಾರಿಯಾಗಿ ಇರಲಿ.

ಇಲ್ಲಿ ಒಂದು ಬಲೆ ಇದೆ. ಲೈನ್ ಡಿಫರೆನ್ಷಿಯಲ್ ರಕ್ಷಣೆಯಲ್ಲಿ ಎರಡೂ ತುದಿಯ ರಿಲೇಗಳು ಕರೆಂಟ್ ಹೋಲಿಸಿ ನೋಡುತ್ತವೆ. ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಅಂತ ಅವು ನಂಬಿರುತ್ತವೆ. ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ 5 ಮೈಕ್ರೋಸೆಕೆಂಡ್ ಬೇಕು. ಟೆಲಿಕಾಂ ರಿಂಗ್ ಕಡಿದು, ಹೋಗುವ ದಾರಿ 40 ಕಿಲೋಮೀಟರೇ ಉಳಿದು, ಬರುವ ದಾರಿ ಸುತ್ತು ಹಾಕಿ 240 ಆಯಿತು ಅನ್ನಿ. ವ್ಯತ್ಯಾಸ 1 ಮಿಲಿಸೆಕೆಂಡ್. ರಿಲೇ ಅದರ ಅರ್ಧದಷ್ಟು ತಪ್ಪು ಲೆಕ್ಕ ಹಾಕುತ್ತದೆ, 50 ಹರ್ಟ್ಸ್‌ನಲ್ಲಿ ಅದು 9 ಡಿಗ್ರಿ. ಲೋಡ್ ಜೋರಾಗಿದ್ದರೆ ಇಲ್ಲದ ದೋಷ ಕಾಣಬಹುದು. ಅದಕ್ಕೇ ಡಿಫರೆನ್ಷಿಯಲ್‌ಗೆ ನೇರ ಡಾರ್ಕ್ ಫೈಬರ್ (ಬೇರೆ ಯಾರೂ ಬಳಸದ ಫೈಬರ್) ಕೊಡಿ. ರಿಂಗ್ ಮೂಲಕವೇ ಕೊಡಬೇಕಾದರೆ ಎರಡೂ ದಿಕ್ಕು ಒಟ್ಟಿಗೆ ದಾರಿ ಬದಲಿಸುವಂತೆ ಕಟ್ಟಿಹಾಕಿ.

ಗಡಿಯಾರದ ಮಾತು ಚುಟುಕಾಗಿ. ಸ್ಯಾಂಪಲ್ಡ್ ವ್ಯಾಲ್ಯೂಸ್ ಬಳಸುವುದಾದರೆ ಎಲ್ಲರ ಗಡಿಯಾರ 1 ಮೈಕ್ರೋಸೆಕೆಂಡ್ ಒಳಗೆ ಹೊಂದಬೇಕು, ಅದಕ್ಕೆ ನೆಟ್‌ವರ್ಕ್ ಮೇಲೇ ನಿಖರವಾಗಿ ಗಡಿಯಾರ ಹೊಂದಿಸುವ ಪಿಟಿಪಿ ಬಳಸುತ್ತಾರೆ. ಎರಡು ಗಡಿಯಾರ ಇಡಿ, ಆಂಟೆನಾಗಳನ್ನು ಕಟ್ಟಡದ ಎರಡು ಮೂಲೆಗೆ ಹಾಕಿ. ಸ್ಯಾಂಪಲ್ಡ್ ವ್ಯಾಲ್ಯೂಸ್ ಇಲ್ಲದಿದ್ದರೆ ಅಷ್ಟು ನಿಖರವಲ್ಲದ ಮಾಮೂಲಿ ಎಸ್‌ಎನ್‌ಟಿಪಿಯೇ ಸಾಕು.

ಹಾಗಾದರೆ ಯಾರಿಗೆ ಯಾವುದು?

ಕಾರ್ಖಾನೆಯ ಗೆಳೆಯರಿಗೆ ನಾನು ಕೇಳಿದ್ದು ಒಂದೇ: "11 ಕೆವಿ ಬಸ್‌ಗೆ ರಿವರ್ಸ್ ಬ್ಲಾಕಿಂಗ್ ಗೂಸ್ ಮೇಲೆ ಮಾಡ್ತೀರಾ?" ಫೀಡರ್ ರಿಲೇ ದೋಷ ಕಂಡ ಕೂಡಲೇ, ಬಸ್‌ಗೆ ಕರೆಂಟ್ ತರುವ ಇನ್‌ಕಮರ್‌ನ ರಿಲೇಗೆ "ನೀನು ಸುಮ್ನಿರು, ನಾನು ನೋಡ್ಕೋತೀನಿ" ಅನ್ನುವ ಸಂದೇಶ ಅದು. ತಲುಪದಿದ್ದರೆ ಒಂದು ಫೀಡರ್‌ನ ತಪ್ಪಿಗೆ ಇಡೀ ಕಾರ್ಖಾನೆ ಕತ್ತಲೆ. ಮಾಡುತ್ತೇವೆ ಅಂದರೆ 11 ಕೆವಿ ಪ್ಯಾನೆಲ್ ಸಾಲಿಗೆ ಎಚ್‌ಎಸ್‌ಆರ್. ಇಲ್ಲ, ಅದು ತಂತಿ ಮೇಲೇ ಇದೆ ಅಂದರೆ ಆರ್‌ಎಸ್‌ಟಿಪಿ ರಿಂಗ್ ಸಾಕು, ಉಳಿದ ದುಡ್ಡಲ್ಲಿ ಎರಡನೇ ಬ್ಯಾಟರಿ ಚಾರ್ಜರ್ ತರಲಿ. ಅವರು ಚಾರ್ಜರ್ ಅಂದ ಕೂಡಲೇ ನಕ್ಕರು. ಇರುವ ಒಂದು ಚಾರ್ಜರ್ ಆಗಲೇ ರಿಪೇರಿಗೆ ಹೋಗಿ ಬಂದಿತ್ತಂತೆ.

ಸೋಲಾರ್ ಹುಡುಗನದು ಬೇರೆ. ಪಾವಗಡದ ಪಾರ್ಕ್ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಂಥ ಬಯಲಲ್ಲಿ ಇನ್ವರ್ಟರ್ ಬ್ಲಾಕ್‌ಗಳು ಕಿಲೋಮೀಟರ್‌ಗಟ್ಟಲೆ ಹರಡಿರುತ್ತವೆ. ಅವುಗಳಿಗೆ ಪಿಆರ್‌ಪಿ ಹಾಕುವುದು ಕುರಿ ದೊಡ್ಡಿಗೆ ಕೋಟೆ ಬಾಗಿಲು ಇಟ್ಟ ಹಾಗೆ. ಇನ್ವರ್ಟರ್‌ಗೆ ಹೋಗುವ ಆಜ್ಞೆ ಸೆಕೆಂಡಿನ ಲೆಕ್ಕದ್ದು, ಫೈಬರ್ ರಿಂಗ್ ಮೇಲೆ ಎಂಆರ್‌ಪಿ ಧಾರಾಳ ಸಾಕು. ಒಂದೇ ದೊಡ್ಡ ರಿಂಗ್ ಬೇಡ, ಎಂಟು ಹತ್ತು ಬ್ಲಾಕ್‌ಗೊಂದು ಮಾಡು ಅಂದೆ. ಕಡಿದರೆ ಹುಡುಕಲು ಸುಲಭ. ಎಲ್ಲ ಬಂದು ಸೇರುವ ಪೂಲಿಂಗ್ ಸ್ಟೇಷನ್‌ಗೆ ಮಾತ್ರ ಪಿಆರ್‌ಪಿ, ಅಲಾರಂ ಸಮೇತ.

ಸ್ಯಾಂಪಲ್ಡ್ ವ್ಯಾಲ್ಯೂಸ್ ಇರುವ 220 ಕೆವಿಗೆ ಯೋಚನೆಯೇ ಬೇಡ. ಸ್ಟೇಷನ್ ಬಸ್‌ಗೊಂದು (ರಿಲೇ, ಸ್ಕಾಡಾ ನಡುವಿನ ನೆಟ್‌ವರ್ಕ್), ಪ್ರೋಸೆಸ್ ಬಸ್‌ಗೊಂದು (ಯಾರ್ಡ್‌ನ ಅಳತೆ ತರುವ ನೆಟ್‌ವರ್ಕ್), ಎರಡೂ ಬೇರೆ ಪಿಆರ್‌ಪಿ.

ಇನ್ನು, ಎರಡು ನೆಟ್‌ವರ್ಕ್ ಅಂದರೆ ಕಳ್ಳನಿಗೆ ಎರಡು ಬಾಗಿಲು. ಬಳಸದ ಪೋರ್ಟ್‌ಗಳನ್ನು ಎರಡೂ ಲ್ಯಾನ್‌ನಲ್ಲಿ ಮುಚ್ಚಿ. ಕೇಂದ್ರ ವಿದ್ಯುತ್ ಪ್ರಾಧಿಕಾರ 2021ರಲ್ಲಿ ಸೈಬರ್ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿದೆ, ಟೆಂಡರ್ ಬರೆಯುವಾಗ ಅದು ಪಕ್ಕದಲ್ಲಿರಲಿ.

ಒಪ್ಪಿಸಿಕೊಳ್ಳುವ ದಿನ ನೀವೇ ಕೈಯಾರೆ ಕಿತ್ತು ನೋಡಿ. ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರೆ ಒಪ್ಪಬೇಡಿ. ಒಂದು ರಿಲೇಯ ಎ ಕಿತ್ತು ಅಲಾರಂ ಪರದೆಗೆ ಬಂತಾ ನೋಡಿ, ಮತ್ತೆ ಚುಚ್ಚಿ ಬಿ ಕೀಳಿ. ಹೀಗೆ ಪ್ರತಿ ರಿಲೇಗೂ. ಆಮೇಲೆ ಎ ಯ ಎಂಸಿಬಿ ಇಳಿಸಿ, ಬೇಗಳು ಬಣ್ಣ ಕಳೆದುಕೊಳ್ಳದಿದ್ದರೆ ಸರಿ. ಬಿ ಗೂ ಹಾಗೇ ಮಾಡಿ. ನಡುವೆ ಒಂದು ಬ್ರೇಕರ್‌ಗೆ ಗೂಸ್ ಟ್ರಿಪ್ ಕೊಟ್ಟು ನೋಡಿ. ಅರ್ಧ ದಿನ ಹಿಡಿಯುತ್ತದೆ. ಕಂಟ್ರಾಕ್ಟರ್ ಮುಖ ಸಿಂಡರಿಸುತ್ತಾನೆ, ಪರವಾಗಿಲ್ಲ.

ಬೂದಿ ಬಣ್ಣದ ಆ ಸ್ಟೇಷನ್‌ನಲ್ಲಿ ಆಮೇಲೆ ಅಲಾರಂಗಳನ್ನೆಲ್ಲ ಸೇರಿಸಿದೆವು. ಆದರೂ ಆಪರೇಟರ್‌ಗೆ ನಂಬಿಕೆ ಬರಲಿಲ್ಲ ಅಂತ ಕಾಣುತ್ತದೆ. ಅವರು ಲಾಗ್ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಎರಡು ಹೊಸ ಕಾಲಂ ಎಳೆದಿದ್ದಾರೆ, "ಎ ದೀಪ", "ಬಿ ದೀಪ" ಅಂತ. ಪ್ರತಿ ಶಿಫ್ಟ್ ಬದಲಾಗುವಾಗ ಪ್ಯಾನೆಲ್ ಹಿಂದೆ ಹೋಗಿ ಹಸಿರು ದೀಪ ಮಿಣುಕುತ್ತಿದೆಯಾ ನೋಡಿ ಟಿಕ್ ಹಾಕುತ್ತಾರೆ. ಹೋದ ಸಲ ಹೋದಾಗ ಆ ಪುಟ ತಿರುವಿ ನೋಡಿದೆ. ಒಂದು ಕಡೆ ಬಿ ಕಾಲಂನಲ್ಲಿ ಟಿಕ್ ಬದಲು ಅಡ್ಡಗೀಟು ಇತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಪ್ಯಾಚ್ ಕಾರ್ಡ್ ಸಡಿಲ, ಒತ್ತಿದೆ, ಸರಿ ಆಯ್ತು" ಅಂತ ಬರೆದಿತ್ತು.